ಬ್ಯಾಟರಿಗೆ ತಕ್ಕ ಚಾರ್ಜರ್: ಇನ್ವರ್ಟರ್ ಬ್ಯಾಟರಿಗಳ ಆಯ್ಕೆ ಮತ್ತು ಪಾಲನೆ

ಯಾದಗಿರಿ, ಶಹಾಪುರ ಹಾಗೂ ಸುರಪುರ ಪಟ್ಟಣಗಳ ಅಡತಿ ಅಂಗಡಿ, ಕಿರಾಣಿ ಮಳಿಗೆ, ಔಷಧಿ ಅಂಗಡಿ ಮತ್ತು ಸಣ್ಣ ಕೈಗಾರಿಕಾ ಘಟಕಗಳಲ್ಲಿ ಇನ್ವರ್ಟರ್ ಇಂದು ಅನುಕೂಲದ ವಸ್ತುವಷ್ಟೇ ಆಗಿ ಉಳಿದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ, ಬಿಲ್ಲಿಂಗ್ ಕಂಪ್ಯೂಟರ್, ಔಷಧಿಗಳ ಫ್ರಿಜ್ ಇವೆಲ್ಲ ವಿದ್ಯುತ್ತನ್ನೇ ಅವಲಂಬಿಸಿವೆ. ಇನ್ವರ್ಟರ್ ವ್ಯವಸ್ಥೆಯಲ್ಲಿ ಮತ್ತೆ ಮತ್ತೆ ಹಣ ಬೇಡುವ ಭಾಗವೆಂದರೆ ಬ್ಯಾಟರಿ. ಒಂದೇ ಮಾದರಿಯ ಎರಡು ಬ್ಯಾಟರಿಗಳಲ್ಲಿ ಒಂದು ಐದು ವರ್ಷ ಬಾಳಿ, ಇನ್ನೊಂದು ಎರಡೇ ವರ್ಷಕ್ಕೆ ಕೈಕೊಡುವುದುಂಟು. ಅಂಥಲ್ಲಿ ದೋಷವನ್ನು ಬ್ಯಾಟರಿಯಲ್ಲಿ ಹುಡುಕುವ ಮೊದಲು ಅದನ್ನು ತುಂಬಿಸುವ ಚಾರ್ಜರನ್ನು ಪರೀಕ್ಷಿಸುವುದು ಉಚಿತ.

ಎರಡು ಬಗೆಯ ಬ್ಯಾಟರಿ

ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿ ಎಂಜಿನ್ ಚಾಲನೆಗೆ ಕೆಲವೇ ಕ್ಷಣ ಭಾರಿ ಕರೆಂಟ್ ನೀಡುತ್ತದೆ. ಅದರ ಫಲಕಗಳು ತೆಳುವಾಗಿರುತ್ತವೆ. ಇನ್ವರ್ಟರ್, ಸೌರವಿದ್ಯುತ್ ಘಟಕ ಮತ್ತು ವಿದ್ಯುತ್ ಮೋಟಾರಿನ ದೋಣಿಗಳಿಗೆ ಬೇಕಾಗುವುದು ಗಂಟೆಗಟ್ಟಲೆ ಮಿತವಾದ ಕರೆಂಟ್ ನೀಡಿ, ಆಳವಾಗಿ ಬರಿದಾಗಿ, ಪುನಃ ತುಂಬಿಕೊಳ್ಳಬಲ್ಲ ಬ್ಯಾಟರಿ. ನಮ್ಮ ಮಾರುಕಟ್ಟೆಯಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ದೊರೆಯುವುದು ಟ್ಯೂಬ್ಯುಲರ್ ಬ್ಯಾಟರಿ. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯನ್ನು ಇನ್ವರ್ಟರಿಗೆ ಜೋಡಿಸುವುದು ಉಳಿತಾಯವಲ್ಲ. ಕೆಲವೇ ತಿಂಗಳಲ್ಲಿ ಅದು ನಿರುಪಯುಕ್ತವಾಗುತ್ತದೆ.

ಅಗತ್ಯದ ಲೆಕ್ಕ

ಒಂದು ಅಂಗಡಿಗೆ ದೀಪ, ಫ್ಯಾನ್, ಕಂಪ್ಯೂಟರ್, ತಕ್ಕಡಿ ಸೇರಿ 250 ವ್ಯಾಟ್ ಬೇಕು, ಮೂರು ಗಂಟೆ ನಡೆಯಬೇಕು ಎಂದು ಭಾವಿಸೋಣ. ಒಟ್ಟು 750 ವ್ಯಾಟ್-ಗಂಟೆ. ಇನ್ವರ್ಟರಿನ ದಕ್ಷತೆ ಶೇ. 80 ಎಂದು ಹಿಡಿದರೆ ಬ್ಯಾಟರಿ ಒದಗಿಸಬೇಕಾದದ್ದು ಸುಮಾರು 940 ವ್ಯಾಟ್-ಗಂಟೆ. ಇದನ್ನು 12 ವೋಲ್ಟಿನಿಂದ ಭಾಗಿಸಿದರೆ 78 ಆಂಪಿಯರ್-ಗಂಟೆ. ಬ್ಯಾಟರಿಯನ್ನು ನಿತ್ಯ ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿರುವುದು ಲೇಸಾದ್ದರಿಂದ, ಈ ಅಂಗಡಿಗೆ 150ರಿಂದ 160 ಆಂಪಿಯರ್-ಗಂಟೆಯ ಬ್ಯಾಟರಿ ಯೋಗ್ಯ. ಡಬ್ಬಿಯ ಮೇಲಿನ ಸಂಖ್ಯೆ ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಗೆ ಸಂಬಂಧಿಸಿದ್ದು. ಬಳಕೆಯ ವೇಗ ಹೆಚ್ಚಿದಂತೆ ದೊರೆಯುವ ಪ್ರಮಾಣ ಕಡಿಮೆಯಾಗುತ್ತದೆ.

ಚಾರ್ಜರ್ ಹೇಗಿರಬೇಕು?

ಬಹುತೇಕ ಇನ್ವರ್ಟರುಗಳಲ್ಲಿ ಚಾರ್ಜರ್ ಒಳಗೇ ಇರುತ್ತದೆ. ಆದ್ದರಿಂದ ಇನ್ವರ್ಟರ್ ಕೊಳ್ಳುವುದೆಂದರೆ ಚಾರ್ಜರನ್ನೂ ಕೊಂಡಂತೆ. ಖರೀದಿಗೆ ಮುನ್ನ ಮೂರು ಅಂಶಗಳನ್ನು ಮಾಹಿತಿ ಪತ್ರದಲ್ಲಿ ನೋಡಬೇಕು.

ಮೊದಲನೆಯದು ಕರೆಂಟ್. ಸಾಮರ್ಥ್ಯದ ಹತ್ತನೇ ಒಂದು ಭಾಗ ಎಂಬುದು ಸೀಸ-ಆಮ್ಲ ಬ್ಯಾಟರಿಗಳಿಗೆ ರೂಢಿಯ ಸೂತ್ರ. 150 ಆಂಪಿಯರ್-ಗಂಟೆಗೆ 15 ಆಂಪಿಯರ್. ಮೇಲಿನ ಅಂಗಡಿಯಲ್ಲಿ ವ್ಯಯವಾದ 78 ಆಂಪಿಯರ್-ಗಂಟೆಯನ್ನು ಮರಳಿ ತುಂಬಲು ನಷ್ಟವೂ ಸೇರಿ ಸುಮಾರು 94 ಬೇಕಾಗುತ್ತದೆ. 15 ಆಂಪಿಯರಿನ ಚಾರ್ಜರ್ ಇದಕ್ಕೆ ಆರು ಗಂಟೆಗೂ ತುಸು ಹೆಚ್ಚು ಕಾಲ ತೆಗೆದುಕೊಂಡರೆ, 8 ಆಂಪಿಯರಿನದಕ್ಕೆ ಸುಮಾರು ಹನ್ನೆರಡು ಗಂಟೆ ಬೇಕು. ಕೊನೆಯ ಹಂತದಲ್ಲಿ ಕರೆಂಟ್ ಇಳಿಯುವುದರಿಂದ ಕಾಲ ಇನ್ನಷ್ಟು ಹಿಡಿಯುತ್ತದೆ. ಅಷ್ಟರೊಳಗೆ ವಿದ್ಯುತ್ ಮತ್ತೆ ಹೋದರೆ ಬ್ಯಾಟರಿ ಎಂದೂ ಪೂರ್ಣವಾಗಿ ತುಂಬುವುದಿಲ್ಲ. ಅರೆತುಂಬಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಮರ್ಥ್ಯ ಕುಗ್ಗುತ್ತದೆ. ವ್ಯಾಪಾರ ಬೆಳೆದಾಗ ಹಳೆಯ ಇನ್ವರ್ಟರಿಗೇ ದೊಡ್ಡ ಬ್ಯಾಟರಿ ಜೋಡಿಸುವವರು ಎಡವುವುದು ಇಲ್ಲಿಯೇ. ಇದಕ್ಕೆ ವಿರುದ್ಧವಾಗಿ, ಸಣ್ಣ ಬ್ಯಾಟರಿಗೆ ಅತಿಯಾದ ಕರೆಂಟ್ ಹರಿಸಿದರೆ ಅದು ಕಾಯ್ದು ನೀರು ಬೇಗ ಬತ್ತುತ್ತದೆ.

ಎರಡನೆಯದು ಹಂತಗಳು. ಉತ್ತಮ ಚಾರ್ಜರ್ ಮೊದಲು ಪೂರ್ಣ ಕರೆಂಟ್ ನೀಡಿ, ವೋಲ್ಟೇಜ್ ಸುಮಾರು 14.4 ತಲುಪಿದಾಗ ಅದನ್ನು ಸ್ಥಿರವಾಗಿಟ್ಟು ಕರೆಂಟ್ ಇಳಿಯಗೊಡುತ್ತದೆ; ತುಂಬಿದ ಮೇಲೆ 13.5ರಿಂದ 13.8 ವೋಲ್ಟಿನಲ್ಲಿ ಕಾಯ್ದುಕೊಳ್ಳುತ್ತದೆ. ಇನ್ವರ್ಟರಿನಲ್ಲಿ ಬ್ಯಾಟರಿಯ ಬಗೆಯನ್ನು ಸೂಚಿಸುವ ಗುಂಡಿ ಇದ್ದರೆ ಅದು ಸರಿಯಾದ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ತಯಾರಕರ ಸೂಚನೆ ಬೇರೆ ಇದ್ದರೆ ಅದೇ ಅಂತಿಮ.

ಮೂರನೆಯದು ಉಷ್ಣತೆಗೆ ಹೊಂದಿಕೊಳ್ಳುವ ಗುಣ. ಈ ಬಿಸಿಲುನಾಡಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ; ತಗಡಿನ ಶೆಡ್ಡುಗಳೊಳಗೆ ಇನ್ನೂ ಹೆಚ್ಚು. 27 ಡಿಗ್ರಿಗೆ ಸರಿಹೊಂದುವ 14.4 ವೋಲ್ಟ್ 42 ಡಿಗ್ರಿಯಲ್ಲಿ ಅತಿಯಾಗುತ್ತದೆ, ಸುಮಾರು 0.3 ವೋಲ್ಟ್ ಇಳಿಸಬೇಕು. ಉಷ್ಣಾಂಶ ಹತ್ತು ಡಿಗ್ರಿಯಷ್ಟು ಸದಾ ಹೆಚ್ಚಿದ್ದರೆ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ಸಾಮಾನ್ಯ ಅಂದಾಜು. ಉಷ್ಣಾಂಶ ಗ್ರಹಿಸುವ ಚಾರ್ಜರ್ ದೊರೆಯದಿದ್ದರೆ ಬ್ಯಾಟರಿಯನ್ನಾದರೂ ನೆರಳು, ಗಾಳಿ ಇರುವಲ್ಲಿ ಇಡಬೇಕು.

ಪಾಲನೆಯ ಕ್ರಮ

1. ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಬೇಕು. ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಕೊಳವೆ ಬಾವಿಯ ನೀರಿನ ಲವಣಗಳು ಫಲಕಗಳಿಗೆ ಮಾರಕ. ಕುಡಿಯುವ ಶುದ್ಧೀಕರಿಸಿದ ನೀರು ಅದಕ್ಕೆ ಬದಲಾಗದು. ಆಮ್ಲವನ್ನು ಎಂದೂ ಸೇರಿಸಬಾರದು.

2. ನೀರು ತುಂಬಬೇಕಾದದ್ದು ಚಾರ್ಜ್ ಪೂರ್ಣಗೊಂಡ ಮೇಲೆ. ಫಲಕಗಳು ಬಯಲಾಗಿದ್ದರೆ ಮಾತ್ರ ಮೊದಲು ಅವು ಮುಳುಗುವಷ್ಟು ಹಾಕಿ ಚಾರ್ಜ್ ಮಾಡಬೇಕು.

3. ಹೈಡ್ರೋಮೀಟರಿನಿಂದ ಆರೂ ಕೋಶಗಳ ಸಾಂದ್ರತೆ ಅಳೆದು ಬರೆದಿಡಬೇಕು. ಪೂರ್ಣ ತುಂಬಿದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 27 ಡಿಗ್ರಿಯಲ್ಲಿ ಅದು ಸಾಮಾನ್ಯವಾಗಿ 1.240ರ ಆಸುಪಾಸು. ಒಂದು ಕೋಶ ಉಳಿದವುಗಳಿಗಿಂತ 0.030ರಷ್ಟು ಕೆಳಗಿದ್ದರೆ ತಂತ್ರಜ್ಞರಿಗೆ ತೋರಿಸಬೇಕು.

4. ತುದಿಗಳಲ್ಲಿ ಕೂಡುವ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಒಣಗಿಸಿ, ವ್ಯಾಸಲೀನ್ ಸವರಬೇಕು. ಸೋಡಾ ನೀರು ಕೋಶದೊಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ.

5. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಕಿಡಿ ತಗುಲಿದರೆ ಸ್ಫೋಟಿಸುತ್ತದೆ. ದೇವರ ಪಟದ ಕೆಳಗೆ, ದೀಪ ಮತ್ತು ಊದುಬತ್ತಿಯ ಸಮೀಪ ಬ್ಯಾಟರಿ ಇಡುವುದು ಅಪಾಯ. ಹತ್ತಿಯ ಮಿಲ್ಲುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

6. 24 ವೋಲ್ಟಿನ ವ್ಯವಸ್ಥೆಯಲ್ಲಿ ಹೊಸ ಬ್ಯಾಟರಿಯೊಡನೆ ಹಳೆಯದನ್ನು ಜೋಡಿಸಬಾರದು. ದುರ್ಬಲವಾದದ್ದು ಬಲವಾದದ್ದನ್ನೂ ಕೆಡಿಸುತ್ತದೆ.

ಲಿಥಿಯಂ ಮತ್ತು ಹಳೆಯ ಬ್ಯಾಟರಿ

ಲಿಥಿಯಂ ಬ್ಯಾಟರಿಗೆ ನೀರಿನ ಚಿಂತೆಯಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಸೀಸ-ಆಮ್ಲಕ್ಕೆಂದು ಮಾಡಿದ ಚಾರ್ಜರನ್ನು ಪರಿಶೀಲಿಸದೆ ಅದಕ್ಕೆ ಜೋಡಿಸುವುದು ಸಲ್ಲದು. ತಯಾರಕರು ಒಪ್ಪಿದ ಚಾರ್ಜರಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಬಾಳು ಮುಗಿದ ಬ್ಯಾಟರಿಗೆ ಈಗ ಅನ್ವಯಿಸುವುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು. ಅದನ್ನು ಇತರ ಕಸದೊಡನೆ ಬೆರೆಸದೆ ಅಧಿಕೃತ ಸಂಗ್ರಹಣೆಗೆ ಒಪ್ಪಿಸಬೇಕು. ಹೊಸದು ಕೊಳ್ಳುವಾಗ ಹಳೆಯದರ ಬೆಲೆಯನ್ನು ಬಿಲ್ಲಿನಲ್ಲಿ ಕಡಿತ ಮಾಡಿಸಿಕೊಳ್ಳುವುದು ಲಾಭದಾಯಕವೂ ಹೌದು. ಆಮ್ಲವನ್ನು ಚರಂಡಿಗೆ ಸುರಿಯುವುದು ಕಾನೂನಿಗೂ ನೆಲಕ್ಕೂ ದ್ರೋಹ.

ಖರೀದಿಯ ದಿನಾಂಕ, ನೀರು ಹಾಕಿದ ದಿನ, ಸಾಂದ್ರತೆ ಇಷ್ಟನ್ನು ಒಂದು ಪುಟದಲ್ಲಿ ಬರೆದಿಟ್ಟರೆ ದೋಷ ಮುಂಚೆಯೇ ಗೋಚರಿಸುತ್ತದೆ. ವಾರಂಟಿ ಕೇಳುವಾಗಲೂ ಆ ಪುಟ ನೆರವಾಗುತ್ತದೆ. ಲೆಕ್ಕದ ಪುಸ್ತಕಕ್ಕೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಕೊಟ್ಟರೆ, ಎರಡು ವರ್ಷಕ್ಕೊಮ್ಮೆ ಮಾಡುವ ವೆಚ್ಚ ಐದು ವರ್ಷಕ್ಕೊಮ್ಮೆಗೆ ಮುಂದೂಡಲು ಸಾಧ್ಯ.