ಹೆಸರು ಹಲವು, ಮದ್ದು ಒಂದೇ

ತಲೆನೋವು, ಮೈಕೈನೋವು, ಜ್ವರ ಇವು ಯಾರನ್ನೂ ಬಿಟ್ಟವಲ್ಲ. ಇವುಗಳಿಂದ ನರಳುವವನಿಗೆ ಒಂದು ಸಣ್ಣ ಮಾತ್ರೆಯು ಸ್ವಲ್ಪ ಹೊತ್ತಿನಲ್ಲಿಯೇ ನೆಮ್ಮದಿಯನ್ನು ತಂದುಕೊಡುತ್ತದೆ. ರಸಾಯನಶಾಸ್ತ್ರವು ಮಾನವನಿಗೆ ನೀಡಿದ ವರಗಳಲ್ಲಿ ನೋವುನಿವಾರಕ ಔಷಧಿಯೂ ಒಂದು. ಆದರೆ ವರವನ್ನು ಪಡೆದವನಿಗೆ ಅದನ್ನು ಬಳಸುವ ವಿವೇಕವೂ ಇರಬೇಕು. ಭಸ್ಮಾಸುರನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವಷ್ಟೆ.

ಇಂದು ಅಂಗಡಿಗಳಲ್ಲಿ ದೊರೆಯುವ ನೋವಿನ ಮಾತ್ರೆಗಳಲ್ಲಿ ಹಲವು ಮಿಶ್ರ ಔಷಧಿಗಳು. ಎರಡು ಅಥವಾ ಹೆಚ್ಚು ಮದ್ದುಗಳನ್ನು ಗೊತ್ತಾದ ಪ್ರಮಾಣದಲ್ಲಿ ಒಂದೇ ಮಾತ್ರೆಯಲ್ಲಿ ಕೂಡಿಸಿದರೆ ಅದು ಮಿಶ್ರ ಔಷಧಿ ಎನಿಸುತ್ತದೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಮತ್ತು ಅಸಿಕ್ಲೋಫೆನಾಕ್ ಇವು ಇಂತಹ ಜೋಡಿಗಳು. ಬೇರೆ ಬೇರೆ ರೀತಿಯಲ್ಲಿ ಕೆಲಸಮಾಡುವ ಎರಡು ಮದ್ದುಗಳು ಕೂಡಿದಾಗ ನೋವು ಹೆಚ್ಚು ಶಮನವಾಗುವುದುಂಟು. ಆದುದರಿಂದ ಮಿಶ್ರ ಔಷಧಿಯೆಲ್ಲವೂ ಕೆಟ್ಟದ್ದೆಂದು ತಿಳಿಯಬಾರದು. ಅದರೊಳಗೆ ಏನಿದೆ ಎಂಬುದನ್ನು ಅರಿಯದೆ ನುಂಗುವುದೇ ಅಪಾಯ.

ಒಂದು ಮನೆಯ ಸಂಗತಿಯನ್ನು ಊಹಿಸಿಕೊಳ್ಳೋಣ. ಮಳೆಯಲ್ಲಿ ನೆನೆದು ನಾಟಿಯ ಕೆಲಸ ಮುಗಿಸಿ ಬಂದ ರೈತನೊಬ್ಬನಿಗೆ ಜ್ವರ ಬಂದಿದೆ. ಅವನು 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಜ್ವರದ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ ನುಂಗುತ್ತಾನೆ. ಮೂಗು ಸೋರುತ್ತಿದೆಯೆಂದು ನೆರೆಯವರು ನೀಡಿದ ನೆಗಡಿಯ ಮಾತ್ರೆಯನ್ನು ಮೂರು ಬಾರಿ, ಸೊಂಟನೋವಿಗೆಂದು ಮತ್ತೊಂದು ಮಾತ್ರೆಯನ್ನು ಮೂರು ಬಾರಿ ಸೇವಿಸುತ್ತಾನೆ. ಮೂರು ಬೇನೆಗೆ ಮೂರು ಮದ್ದು ಎಂಬುದು ಅವನ ಎಣಿಕೆ. ಆದರೆ ನೆಗಡಿಯ ಮಾತ್ರೆಯಲ್ಲಿ 500, ಸೊಂಟನೋವಿನ ಮಾತ್ರೆಯಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಅಡಗಿದೆ. ಲೆಕ್ಕ ಹಾಕಿದರೆ 2600, 1500 ಮತ್ತು 975, ಒಟ್ಟು 5075 ಮಿಲಿಗ್ರಾಂ ಆಯಿತು. ಆರೋಗ್ಯವಂತನಾದ ವಯಸ್ಕನಿಗೂ ದಿನವೊಂದಕ್ಕೆ 4000 ಮಿಲಿಗ್ರಾಂ ಮೀರಬಾರದು. ರೈತನು ದುರಾಸೆಯಿಂದ ಹೆಚ್ಚು ನುಂಗಲಿಲ್ಲ. ಹೆಸರು ಬೇರೆಯಾದುದರಿಂದ ಮೋಸಹೋದನು.

ಮಿತಿ ಮೀರಿದರೆ ಆಗುವುದೇನು? ನಾವು ಸೇವಿಸಿದ ಪ್ಯಾರಾಸಿಟಮಾಲನ್ನು ಯಕೃತ್ತು ಮಾರ್ಪಡಿಸಿ ಹೊರಗೆ ಕಳುಹಿಸುತ್ತದೆ. ಆಗ ಅದರ ಅಲ್ಪಭಾಗವು ವಿಷವಸ್ತುವಾಗುತ್ತದೆ. ಗ್ಲುಟಾಥಯಾನ್ ಎಂಬ ವಸ್ತುವು ಈ ವಿಷವನ್ನು ಕೂಡಲೇ ಅಡಗಿಸುತ್ತದೆ. ಮದ್ದು ಅತಿಯಾದರೆ ಗ್ಲುಟಾಥಯಾನ್ ಮುಗಿದುಹೋಗಿ, ಉಳಿದ ವಿಷವು ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲುತ್ತದೆ. ಮೊದಲನೆಯ ದಿನ ವಾಕರಿಕೆಯ ಹೊರತು ಬೇರೇನೂ ಕಾಣದಿರಬಹುದು. ಕೆಲವೊಮ್ಮೆ ಅದೂ ಇರದು. ಯಕೃತ್ತು ಕೆಟ್ಟದ್ದು ತಿಳಿಯುವಷ್ಟರಲ್ಲಿ ಎರಡು ಮೂರು ದಿನಗಳು ಕಳೆದಿರುತ್ತವೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಎಂಟು ಗಂಟೆಗಳೊಳಗಾಗಿ ದೊರೆತರೆ ಅದು ಬಹಳ ಪರಿಣಾಮಕಾರಿ. ಆದುದರಿಂದ ಪ್ರಮಾಣ ಮೀರಿತೆಂಬ ಸಂಶಯ ಬಂದೊಡನೆ, ತೊಂದರೆ ಕಾಣಲಿ ಎಂದು ಕಾಯದೆ, ಮಾತ್ರೆಯ ಪಟ್ಟಿಯೊಡನೆ ಆಸ್ಪತ್ರೆಗೆ ಧಾವಿಸಬೇಕು.

ಜೋಡಿಯಲ್ಲಿರುವ ಇನ್ನೊಂದು ಮದ್ದನ್ನೂ ಮರೆಯುವಂತಿಲ್ಲ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಇವು ಒಂದೇ ಕುಟುಂಬಕ್ಕೆ ಸೇರಿದವು. ಇವು ಜಠರದಲ್ಲಿ ಹುಣ್ಣನ್ನೂ ರಕ್ತಸ್ರಾವವನ್ನೂ ಉಂಟುಮಾಡಬಲ್ಲವು. ಮೂತ್ರಪಿಂಡಗಳಿಗೂ ಹಾನಿ ತರಬಲ್ಲವು. ಇವುಗಳಲ್ಲಿ ಎರಡನ್ನು ಒಟ್ಟಿಗೆ ಸೇವಿಸಿದರೆ ಗುಣ ಇಮ್ಮಡಿಸದು, ಅಪಾಯ ಹೆಚ್ಚುವುದು. ಡೆಂಗ್ಯೂ ಜ್ವರದಲ್ಲಿ ರಕ್ತಸ್ರಾವದ ಭಯವಿರುವುದರಿಂದ ಇವುಗಳನ್ನೂ ಆಸ್ಪಿರಿನ್ನನ್ನೂ ಕೊಡಬಾರದು.

ಇತಿಹಾಸವೂ ನಮಗೆ ಇದೇ ಪಾಠವನ್ನು ಹೇಳುತ್ತದೆ. 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ ಸ್ವೀಡನ್ನಿನ ಹುಸ್ಕ್ವಾರ್ನಾ ಪಟ್ಟಣದ ಕಾರ್ಖಾನೆಯ ಕೆಲಸಗಾರರು ಒಂದು ಮಿಶ್ರ ಪುಡಿಯನ್ನು ಸೇವಿಸತೊಡಗಿದರು. ಅದರಲ್ಲಿ ಫೆನಾಸಿಟಿನ್, ಫೆನಜೋನ್ ಮತ್ತು ಕೆಫೀನ್ ಇದ್ದವು. ಜ್ವರವು ಹೋಯಿತು, ಪುಡಿಯ ಅಭ್ಯಾಸ ಹೋಗಲಿಲ್ಲ. ವರ್ಷಗಳು ಉರುಳಿದಂತೆ ಅವರಲ್ಲಿ ಅನೇಕರು ಮೂತ್ರಪಿಂಡದ ರೋಗಕ್ಕೆ ತುತ್ತಾದರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಸ್ಪ್ಯೂಲರ್ ಮತ್ತು ಜೋಲಿಂಗರ್ ಎಂಬ ವೈದ್ಯರು ಇಂತಹ ಮೂತ್ರಪಿಂಡ ರೋಗಕ್ಕೂ ನೋವುನಿವಾರಕಗಳ ಅತಿಬಳಕೆಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. ಭಾರತದಲ್ಲಿ ಫೆನಾಸಿಟಿನ್ 1983ರಲ್ಲಿ ನಿಷೇಧಕ್ಕೊಳಗಾಯಿತು. ಇತ್ತೀಚೆಗೆ, 2024ರ ಆಗಸ್ಟ್ ತಿಂಗಳಿನಲ್ಲಿ, ಕೇಂದ್ರ ಸರ್ಕಾರವು 156 ಮಿಶ್ರ ಔಷಧಿಗಳನ್ನು ನಿಷೇಧಿಸಿತು. 50 ಮಿಲಿಗ್ರಾಂ ಅಸಿಕ್ಲೋಫೆನಾಕ್ ಮತ್ತು 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯೂ ಅವುಗಳಲ್ಲೊಂದು.

ಹಾಗಾದರೆ ನಾವು ಮಾಡಬೇಕಾದುದೇನು? ಮಾತ್ರೆಯ ಪಟ್ಟಿಯಲ್ಲಿ ದಪ್ಪಕ್ಷರದ ವ್ಯಾಪಾರದ ಹೆಸರನ್ನಷ್ಟೇ ನೋಡದೆ, ಒಳಗಿರುವ ಮದ್ದುಗಳ ಹೆಸರನ್ನೂ ಪ್ರಮಾಣವನ್ನೂ ಓದಬೇಕು. ಅವು ಕಾಣುವಂತೆ ಪಟ್ಟಿಯನ್ನು ಉಳಿಸಿಕೊಳ್ಳಬೇಕು. ಬಿಡಿಮಾತ್ರೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಬರುವುದು ಸಲ್ಲದು. ಕೆಂಪು ಗೆರೆಯುಳ್ಳ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡಬಾರದು. ಮಕ್ಕಳ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಗೊತ್ತುಮಾಡಬೇಕು. ಮದ್ಯಪಾನಿಗಳು, ಗರ್ಭಿಣಿಯರು, ಯಕೃತ್ತು, ಮೂತ್ರಪಿಂಡ ಅಥವಾ ಜಠರದ ರೋಗವುಳ್ಳವರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟಬಾರದು. ಮೂರು ದಿನಗಳಲ್ಲಿ ಜ್ವರವು ಇಳಿಯದಿದ್ದರೆ ಮಾತ್ರೆಯನ್ನು ಹೆಚ್ಚಿಸುವ ಬದಲು ಕಾರಣವನ್ನು ಹುಡುಕಿಸಬೇಕು.

ನಮ್ಮ ಮನೆಗಳಲ್ಲಿ ಓದುಬಾರದ ಹಿರಿಯರಿದ್ದಾರೆ. ಅವರು ಮಾತ್ರೆಯನ್ನು ಬಣ್ಣದಿಂದಲೂ ಆಕಾರದಿಂದಲೂ ಗುರುತಿಸುತ್ತಾರೆ. ಶಾಲೆಯಲ್ಲಿ ಕಲಿತ ಅಕ್ಷರವು ಅವರ ನೆರವಿಗೆ ಬರಬೇಕಾದುದು ಇಲ್ಲಿಯೇ. ಅಜ್ಜನು ಎರಡನೆಯ ಮಾತ್ರೆಯನ್ನು ಕೈಗೆತ್ತಿಕೊಳ್ಳುವ ಮೊದಲು ಅದರ ಮೇಲಿನ ಸಣ್ಣ ಅಕ್ಷರವನ್ನು ಓದಿ ಹೇಳುವ ಬಾಲಕನು ಒಂದು ಜೀವವನ್ನೇ ಉಳಿಸಿದಂತಾಗಬಹುದು. ವಿದ್ಯೆಗೆ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯವೇನಿದೆ?