ಕೋಣೆಗೆ ಜೊತೆಗಾರ ಬರುವ ಮುನ್ನ

ಕೆಲಸ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ವಾಸ ಹೊಸಪೇಟೆಯಲ್ಲೋ ಸಂಡೂರಿನಲ್ಲೋ. ಒಬ್ಬರ ಹೆಸರಿನಲ್ಲಿ ಮನೆ ಹಿಡಿದು ಗೆಳೆಯರನ್ನು ಸೇರಿಸಿಕೊಂಡರೆ ಖರ್ಚೇನೋ ಹಗುರ. ಆದರೆ ಮೊದಲು ಕರಾರು ಪತ್ರ ತೆಗೆದು ಓದಬೇಕು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದು. ಅಚ್ಚಾದ ಕರಾರುಗಳಲ್ಲಿ ಈ ನಿಷೇಧ ಸಾಮಾನ್ಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಡಿ ಬರುವ ಮನೆಗಳಲ್ಲಿ, ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಕೊಟ್ಟರೆ ಅದೇ ಮನೆ ಬಿಡಿಸಲು ಕಾರಣವಾಗುತ್ತದೆ. ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಆ ಕಾಯ್ದೆ ಅನ್ವಯಿಸದು. ಅಲ್ಲಿ ಕರಾರಿನ ಮಾತೇ ಮುಖ್ಯ.

ಬಾಡಿಗೆ ಹಂಚುವುದು ಹೇಗೆ? ಉದಾಹರಣೆಗೆ ಕಂಪ್ಲಿಯಲ್ಲಿ ಮೂವರಿರುವ ಮನೆಗೆ 9,000 ರೂಪಾಯಿ ಎನ್ನೋಣ. ದೊಡ್ಡ ಕೋಣೆಯವರು 3,500, ಉಳಿದಿಬ್ಬರು ತಲಾ 2,750 ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಕರೆಂಟ್ ಬಿಲ್ಲು ಬೇರೆ. ಮನೆ ಹಿಡಿದವರು ಮೇಲೆ ಲಾಭ ಇಟ್ಟುಕೊಂಡರೆ ಜಗಳ ಶುರು.

ಹಂಪಿಯ ಪ್ರವಾಸಿಗರಿಗೆ ದಿನಬಾಡಿಗೆಗೆ ಕೋಣೆ ಕೊಡುವುದು ಬೇರೆಯದೇ ವ್ಯವಹಾರ. ಅದಕ್ಕೆ ಮಾಲೀಕರ ಒಪ್ಪಿಗೆಯೊಂದೇ ಸಾಲದು.

ಯಾರ ಅಡ್ವಾನ್ಸ್ ಎಷ್ಟು, ಬಿಡುವ ಮುನ್ನ ಎಷ್ಟು ದಿನ ಮೊದಲೇ ತಿಳಿಸಬೇಕು ಎಂಬುದನ್ನು ಬರೆದು ಎಲ್ಲರೂ ಸಹಿ ಹಾಕಬೇಕು. ಬಾಡಿಗೆಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಟ್ಟರೆ ದಾಖಲೆ ಉಳಿಯುತ್ತದೆ.