ಒಡಲಿನ ಜಲಗಾರ

ಗದಗ ಸೀಮೆಯ ಕಪ್ಪತಗುಡ್ಡದ ತಪ್ಪಲಿನಲ್ಲಿ ಹರಿಯುವ ಹಳ್ಳಗಳ ಮರಳಿನಲ್ಲಿ ಚಿನ್ನದ ಸಣ್ಣ ಕಣಗಳು ಬೆರೆತಿರುತ್ತವೆ. ಹಿಂದೆ ಆ ಮರಳನ್ನು ನೀರಿನಲ್ಲಿ ಜಾಲಿಸಿ ಚಿನ್ನವನ್ನು ಬೇರ್ಪಡಿಸುತ್ತಿದ್ದವರಿಗೆ ಜಲಗಾರರೆಂದು ಹೆಸರು. ಬೀದಿಯ ಕಸ ತೆಗೆಯುವವರನ್ನೂ ಕನ್ನಡದಲ್ಲಿ ಜಲಗಾರರೆಂದು ಕರೆಯುವುದುಂಟು. ಕೊಳೆಯನ್ನು ನೀಗುವುದು, ಬೆಲೆಯುಳ್ಳದ್ದನ್ನು ಉಳಿಸುವುದು, ಈ ಎರಡು ಕೆಲಸಗಳನ್ನೂ ಒಟ್ಟಿಗೆ ನಡೆಸುವ ಜಲಗಾರನೊಬ್ಬ ಪ್ರತಿಯೊಬ್ಬರ ಒಡಲಿನಲ್ಲಿಯೂ ಇದ್ದಾನೆ. ಅವನೇ ಮೂತ್ರಪಿಂಡ. ಮೂತ್ರವೆಂಬ ಮಾತನ್ನು ಕೇಳಿದೊಡನೆ ಮುಖ ಸಿಂಡರಿಸುವವರು ಅವನ ಮೊದಲನೆಯ ಕೆಲಸವನ್ನು ಮಾತ್ರ ಬಲ್ಲರು, ಎರಡನೆಯದನ್ನು ಅರಿಯರು.

ಬೆನ್ನುಮೂಳೆಯ ಎಡಬಲಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಆಸರೆಯಲ್ಲಿ, ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ವಯಸ್ಕರಲ್ಲಿ ಒಂದೊಂದರ ಉದ್ದ ಸುಮಾರು 11 ಸೆಂಟಿಮೀಟರು. ತೂಕ ಸುಮಾರು 150 ಗ್ರಾಂ. ಬಲಗಡೆ ಯಕೃತ್ತು ಇರುವುದರಿಂದ ಬಲ ಮೂತ್ರಪಿಂಡವು ಎಡದ್ದಕ್ಕಿಂತ ತುಸು ಕೆಳಗಿರುತ್ತದೆ. ಗಾತ್ರದಲ್ಲಿ ಇವು ಚಿಕ್ಕವು. ಆದರೂ ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಇವುಗಳಿಗೆ ಮೀಸಲು. ಪ್ರತಿಯೊಂದು ಮೂತ್ರಪಿಂಡದಿಂದಲೂ 25ರಿಂದ 30 ಸೆಂಟಿಮೀಟರು ಉದ್ದದ ಮೂತ್ರನಾಳವೊಂದು ಹೊರಡುತ್ತದೆ. ಅದರ ಸ್ನಾಯುಗಳು ಅಲೆಯಲೆಯಾಗಿ ಸಂಕುಚಿಸಿ ಮೂತ್ರವನ್ನು ಮೂತ್ರಕೋಶಕ್ಕೆ ದೂಡುತ್ತವೆ. ಅರ್ಧ ಲೀಟರಿನಷ್ಟು ಮೂತ್ರವನ್ನು ಹಿಡಿಯಬಲ್ಲ ಈ ಚೀಲದಿಂದ ಅದು ಮೂತ್ರವಿಸರ್ಜನಾ ನಾಳದ ಮೂಲಕ ಹೊರಗೆ ಹೋಗುತ್ತದೆ.

ಇದು ಹೊರನೋಟ. ನಿಜವಾದ ಕೌಶಲವಿರುವುದು ಒಳಗೆ. ಪ್ರತಿ ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನುಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಬಟ್ಟಲಿನಂತಹ ಒಂದು ಕೋಶ. ಅದರೊಳಗೆ ಕೂದಲಿಗಿಂತ ಸಪುರವಾದ ರಕ್ತನಾಳಗಳ ಗೊಂಚಲು. ರಕ್ತವು ಇಲ್ಲಿ ಹಾಯುವಾಗ ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ಒಳಗೇ ಉಳಿದು, ನೀರು, ಲವಣ, ಸಕ್ಕರೆ, ಯೂರಿಯ ಮೊದಲಾದವು ಬಟ್ಟಲಿಗೆ ಸೋಸಿ ಬೀಳುತ್ತವೆ. ಹೀಗೆ ದಿನವೊಂದಕ್ಕೆ ಸೋಸುವ ದ್ರವ ಸುಮಾರು 180 ಲೀಟರು! ಇಷ್ಟೂ ಹೊರಗೆ ಹೋದರೆ ಮನುಷ್ಯ ಒಂದು ಗಂಟೆಯೂ ಬಾಳಲಾರ. ಆದರೆ ಬಟ್ಟಲಿನ ಮುಂದೆ ಸುತ್ತಿ ಸುಳಿದು ಸಾಗುವ ಸಣ್ಣ ನಾಳವೊಂದಿದೆ. ದ್ರವವು ಅದರಲ್ಲಿ ಹರಿಯುವಾಗ ಆರೋಗ್ಯವಂತರಲ್ಲಿ ಸಕ್ಕರೆಯೆಲ್ಲವೂ, ನೀರು ಮತ್ತು ಉಪ್ಪಿನ ಬಹುಪಾಲೂ ರಕ್ತಕ್ಕೆ ಮರಳುತ್ತವೆ. ಕೊನೆಗೆ ಮೂತ್ರವಾಗಿ ಹೊರಬೀಳುವುದು ಒಂದೆರಡು ಲೀಟರು ಮಾತ್ರ. ಮರಳನ್ನೆಲ್ಲ ಜಾಲಿಸಿ ಚಿನ್ನವನ್ನು ಉಳಿಸಿಕೊಳ್ಳುವ ಜಲಗಾರನ ಕೆಲಸವೇ ಇದು.

ಈ ಕೆಲಸದಲ್ಲಿ ಸಮಯಜ್ಞಾನವೂ ಉಂಟು. ಬಿಸಿಲಿನಲ್ಲಿ ದುಡಿದು ಬೆವರಿದವನ ದೇಹದಲ್ಲಿ ನೀರು ಕಡಮೆಯಾದಾಗ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನು ಸಂದೇಶವಾಗಿ ಬರುತ್ತದೆ. ಮೂತ್ರಪಿಂಡವು ಆಗ ನೀರನ್ನು ಬಿಗಿಹಿಡಿಯುತ್ತದೆ. ಮೂತ್ರ ಕಡಮೆಯಾಗಿ ಬಣ್ಣ ಗಾಢವಾಗುತ್ತದೆ. ರಕ್ತದ ಒತ್ತಡವನ್ನು ಹದದಲ್ಲಿಡಲು, ಕೆಂಪು ರಕ್ತಕಣಗಳ ಉತ್ಪಾದನೆಯನ್ನು ಪ್ರಚೋದಿಸಲು ಕೂಡ ಇದು ನೆರವಾಗುತ್ತದೆ.

ಇಂತಹ ಅಂಗಕ್ಕೆ ಬದಲಿಯನ್ನು ನಿರ್ಮಿಸಲು ಹೊರಟಾಗಲೇ ಮನುಷ್ಯನಿಗೆ ಅದರ ಬೆಲೆ ತಿಳಿದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಲೆಂಡ್ ದೇಶ ಜರ್ಮನರ ವಶದಲ್ಲಿತ್ತು. ಅಲ್ಲಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯರಿದ್ದರು. ಮೂತ್ರಪಿಂಡ ಕೆಟ್ಟ ಯುವಕನೊಬ್ಬ ಕಣ್ಣೆದುರಿಗೇ ಸಾಯುವುದನ್ನು ಅವರು ಕಂಡಿದ್ದರು. ರಕ್ತದಲ್ಲಿ ಕೂಡುವ ಯೂರಿಯವನ್ನು ಹೊರತೆಗೆಯಬಲ್ಲ ಉಪಾಯವಿದ್ದಿದ್ದರೆ ಅವನು ಉಳಿಯುತ್ತಿದ್ದನಲ್ಲವೆ ಎಂಬ ಕೊರಗು ಅವರನ್ನು ಬಿಡಲಿಲ್ಲ. 1943ರಲ್ಲಿ ಅವರು ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಲವಣಜಲದ ತೊಟ್ಟಿಯಲ್ಲಿ ತಿರುಗಿಸಿ, ಕೊಳವೆಯಲ್ಲಿ ರಕ್ತವನ್ನು ಹರಿಸಿದರು. ಮೊದಲ ಹದಿನೈದು ರೋಗಿಗಳಲ್ಲಿ ಯಂತ್ರದಿಂದಲೇ ಬದುಕಿದರೆಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಕೋಲ್ಫ್ ಕೈಚೆಲ್ಲಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ 67 ವರ್ಷದ ಮಹಿಳೆಯೊಬ್ಬರು ಈ ಯಂತ್ರದ ನೆರವಿನಿಂದ ಕಣ್ತೆರೆದರು. ಇಂದಿನ ಡಯಾಲಿಸಿಸ್ ಚಿಕಿತ್ಸೆ ಬೆಳೆದು ಬಂದುದು ಆ ಮರದ ಉರುಳೆಯಿಂದಲೇ. ಆದರೂ ವಾರಕ್ಕೆ ಮೂರು ಬಾರಿ, ಪ್ರತಿಸಲವೂ ನಾಲ್ಕು ಗಂಟೆಗಳ ಕಾಲ ಯಂತ್ರದ ಪಕ್ಕದಲ್ಲಿ ಮಲಗುವ ರೋಗಿಗೆ ಅದು ಕೊಡುವುದು ಮೂತ್ರಪಿಂಡದ ಕೆಲಸದ ಒಂದು ಅಂಶವನ್ನು ಮಾತ್ರ.

ಆದುದರಿಂದ ಇರುವುದನ್ನು ಕಾಪಾಡಿಕೊಳ್ಳುವುದೇ ಲೇಸು. ಮಧುಮೇಹ ಮತ್ತು ರಕ್ತದ ಅಧಿಕ ಒತ್ತಡ ಮೂತ್ರಪಿಂಡದ ದೊಡ್ಡ ಶತ್ರುಗಳು. ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ದಿನದಿನವೂ ನುಂಗುವುದೂ ಅಪಾಯಕರ. ಶಾಲೆಯಲ್ಲಿ ಸಂಕೋಚದಿಂದ ಮೂತ್ರವನ್ನು ತಡೆಹಿಡಿಯುವ, ಅದಕ್ಕಾಗಿಯೇ ನೀರು ಕುಡಿಯದೆ ಇರುವ ಮಕ್ಕಳುಂಟು. ಇದರಿಂದ ಸೋಂಕು ತಗಲಬಹುದು. ಶುಚಿಯಾದ ಶೌಚಾಲಯವನ್ನು ಕೇಳುವುದು ನಾಚಿಕೆಯ ಮಾತಲ್ಲ. ಅದನ್ನು ಒದಗಿಸದಿರುವುದು ನಾಚಿಕೆಯ ಮಾತು.

ಮೂತ್ರಪಿಂಡವು ತೀರ ಕೆಡುವವರೆಗೂ ನೋವೆಂದು ಹೇಳಿಕೊಳ್ಳುವುದು ಅಪರೂಪ. ಸದ್ದಿಲ್ಲದೆ ದುಡಿಯುವವರನ್ನು ಲೋಕ ಮರೆಯುತ್ತದೆ. ಒಡಲಿನ ಈ ಜಲಗಾರನನ್ನು ಮರೆಯದಿರುವುದು ವಿವೇಕ.

ಅಭ್ಯಾಸ

1. ಮೂತ್ರಪಿಂಡವನ್ನು ಜಲಗಾರನಿಗೆ ಹೋಲಿಸಿರುವುದರ ಔಚಿತ್ಯವನ್ನು ವಿವರಿಸಿರಿ.
2. ನೆಫ್ರಾನಿನಲ್ಲಿ ಮೂತ್ರವು ಉತ್ಪತ್ತಿಯಾಗುವ ಬಗೆಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
3. ಕೋಲ್ಫ್ ಅವರ ಪ್ರಯತ್ನದಿಂದ ಕಲಿಯಬಹುದಾದ ಪಾಠವೇನು?